ಹೆಣ ಎತ್ತಿದ ಹಗ್ಗ

ನಿಜಾಮರ ರಾಜ್ಯದಲ್ಲಿ, ಔರಾದ ಶಹಾಜನಿಯಿಂದ ಒಂದು ಹರದಾರಿ ದೂರದ ಊರಿನಲ್ಲಿ, ಚಂದ್ರಭಾಗಾ ಎಂಬ ವಿಧವೆಯ ಮನೆಗೆ ಎರಡು ವರ್ಷದಿಂದ ಯಾರೂ ಬರುತ್ತಿರಲಿಲ್ಲ. ಜಗಳವೇನೂ ಆಗಿರಲಿಲ್ಲ, ಹೊಲದ ತಕರಾರೂ ಇರಲಿಲ್ಲ. ಕಾರಣವೆಂದರೆ ಅವಳ ಪಡಸಾಲೆಯ ಗೂಟಕ್ಕೆ ತೂಗುಬಿದ್ದಿದ್ದ ಒಂದು ಹಗ್ಗ.

ಇಪ್ಪತ್ತು ಮಾರು ಉದ್ದದ ಸೆಣಬಿನ ಹಗ್ಗ ಅದು. ಗಂಡ ಬಸವಣ್ಣೆಪ್ಪ ಜ್ವರದ ಬೇನೆಯಲ್ಲಿ ತೀರಿಕೊಳ್ಳುವ ಹಿಂದಿನ ವರ್ಷ ಹೊಸೆದದ್ದು. ಒಕ್ಕಲು ಮನೆಗಳಲ್ಲಿ ಪುಂಡಿನಾರಿನ ಹಗ್ಗಕ್ಕೇನು ಬರವೇ? ದನ ಕಟ್ಟಲು, ಹೊರೆ ಬಿಗಿಯಲು ಅದೇ ಸಾಕು. ಆದರೆ ನೀರು ಕುಡಿದ ಪುಂಡಿ ಬೇಗ ಕೊಳೆಯುತ್ತದೆ. ತೊಗಲಿನ ಮಿಣಿ ನೆನೆದು ಒಣಗಿದರೆ ಕಟ್ಟಿಗೆಯಾಗುತ್ತದೆ. ಮನುಷ್ಯನ ಜೀವ ತೂಗುವ ಹಗ್ಗಕ್ಕೆ ಸೆಣಬೇ ಬೇಕೆಂದು ಬಸವಣ್ಣೆಪ್ಪ ಹಟ ಹಿಡಿದಿದ್ದ. ಊರಿನಲ್ಲಿ ಯಾರು ಬಾವಿಗೆ ಬಿದ್ದರೂ ಜನ ಓಡಿ ಬರುತ್ತಿದ್ದದ್ದು ಈ ಬಾಗಿಲಿಗೇ.

ಎರಡು ವರ್ಷದ ಹಿಂದೆ ಊರಿನ ಬೇರೊಂದು ಮನೆಯ ಎಳೆಯ ಸೊಸೆ ಪ್ರಯಾಗಬಾಯಿ ಬಾವಿಯ ಪಾಲಾದಾಗಲೂ ಇದೇ ಹಗ್ಗ ಇಳಿಯಿತು. ಮೇಲೆ ಬಂದದ್ದು ಹೆಣ. ಹೆಣ ಎತ್ತಿದ ಹಗ್ಗವನ್ನು ದಂಡೆಯ ಮೇಲೇ ಬಿಟ್ಟು ಬರಬೇಕು, ಮನೆಗೆ ತರಬಾರದು. ಅದು ಆ ಊರಿನ ರೂಢಿ. ಎಲ್ಲರೂ ಹೋಗುವ ತನಕ ಚಂದ್ರಭಾಗಾ ಬಾವಿಯ ಹತ್ತಿರವೇ ಕೂತಳು. ಆ ಹಗ್ಗದ ಒಂದೊಂದು ಹುರಿಯಲ್ಲೂ ಗಂಡನ ಅಂಗೈಯ ತಿರುವಿತ್ತು. ಬಿಟ್ಟು ಏಳಲಾಗಲಿಲ್ಲ. ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಮನೆಗೆ ತಂದಳು.

ಮರುದಿನ ಪಕ್ಕದ ಮನೆಯ ಸುಮನಬಾಯಿ ಒಲೆಗೆ ಕೆಂಡ ಕೇಳಲು ಬರಲಿಲ್ಲ. ಆಮೇಲೆ ಯಾರೂ ಬರಲಿಲ್ಲ.

ತಿಂಗಳಿಗೊಮ್ಮೆ ಚಂದ್ರಭಾಗಾ ಹಗ್ಗವನ್ನು ಇಳಿಸಿ ಗೇಣುಗೇಣಾಗಿ ಬೆರಳಾಡಿಸುತ್ತಿದ್ದಳು. ಹುರಿ ಸ್ವಲ್ಪ ಬಿಚ್ಚಿ ಒಳಗಿನ ನಾರಿನ ಬಣ್ಣ ನೋಡುತ್ತಿದ್ದಳು, ಮೂಸುತ್ತಿದ್ದಳು. ಮುಗ್ಗು ವಾಸನೆ ಬಂದರೆ ಒಳಗೆ ಕೊಳೆ ಹಿಡಿದಿದೆ ಎಂದೇ ಅರ್ಥ. ಒಣಗಿಸುವುದು ನೆರಳಿನಲ್ಲಿ, ಗಾಳಿಗೆ. ಸುಡುಬಿಸಿಲು ನಾರನ್ನು ಪೆಡಸು ಮಾಡುತ್ತದೆ. ಹೀಗೆ ಒಂದು ಮಧ್ಯಾಹ್ನ ಕಳೆಯುತ್ತಿತ್ತು. ತಿಂಗಳಿನ ಉಳಿದ ಮಧ್ಯಾಹ್ನಗಳಿಗೆ ಏನೂ ಇರಲಿಲ್ಲ.

ಆ ಬೇಸಿಗೆಯಲ್ಲಿ ಸುಮನಬಾಯಿಯ ಗಂಡ ಮಾಣಿಕಪ್ಪ ಹೂಳು ತೆಗೆಯಲು ತಮ್ಮ ಬಾವಿಗೆ ಇಳಿದಿದ್ದ. ಮೆಟ್ಟಿಲಿನ ಕಲ್ಲುಗಳು ಕುಸಿದುಬಿದ್ದವು. ಬಲಗೈ ಮುರಿಯಿತು, ಮೇಲೆ ಬರುವ ದಾರಿಯೂ ಹೋಯಿತು. ಜನ ಎತ್ತುಗಳಿಂದ ನೀರೆತ್ತುವ ತೊಗಲಿನ ಮೊಟ್ಟೆಯ ಹಗ್ಗ ಬಿಟ್ಟರು. ಅದು ಅವನನ್ನು ಆಳೆತ್ತರ ಎತ್ತಿ, ಪಟ್ಟನೆ ಹರಿಯಿತು. ಕೂಗಾಟ ಕೇಳಿ ಚಂದ್ರಭಾಗಾ ಗೂಟದ ಹಗ್ಗ ಹೆಗಲಿಗೇರಿಸಿ ಓಡಿದಳು.

ಊರಿನ ಪಾಟೀಲ ಗುರುಲಿಂಗಪ್ಪ ದಾರಿಗೆ ಅಡ್ಡ ನಿಂತ.

“ವೈನಿ, ಅದನ್ನ ಇಲ್ಲಿಗಿ ತರಬ್ಯಾಡ್ರಿ. ಹೆಣಾ ಎತ್ತಿದ ಹಗ್ಗ ಅದು. ಜೀವಂತ ಮನಶ್ಯಾಗ ಹ್ಯಾಂಗ ಕಟ್ಟೂದು?”

“ಮತ್ತ ಹರದ ಹಗ್ಗ ಕಟ್ಟತೀರೇನ್ರಿ ಪಾಟೀಲರ?”

“ಔರಾದಕ್ಕ ಮಂದಿ ಕಳಸೀನಿ. ಹೊಸಾದು ತರತಾರ.”

“ಅವರು ಬರೂತನಾ ಗ್ವಾಡಿ ನಿಂದರತದೇನು?”

ಮಾತಿನ ನಡುವೆಯೇ ಬಾವಿಯ ಗೋಡೆಯಿಂದ ಇನ್ನೊಂದು ಕಲ್ಲು ಕಳಚಿ ನೀರಿಗೆ ಬಿತ್ತು. ಎಲ್ಲರೂ ಸುಮನಬಾಯಿಯನ್ನು ನೋಡಿದರು. ಅವಳ ಗಂಡ, ಅವಳ ಕುಂಕುಮ. ಅವಳು ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

ಕೆಳಗಿನಿಂದ ಮಾಣಿಕಪ್ಪನ ದನಿ ಎದ್ದಿತು. “ಏ, ಯಾರರ ಮ್ಯಾಲ ಇದ್ದೀರೋ, ಎಲ್ಲಾರೂ ಉಣ್ಲಿಕ್ಕ ಹೋದ್ರೋ? ಹೆಣದ ಹಗ್ಗಾದ್ರ ಆಗಲಿ, ಬಿಡ್ರಿ! ಇನ್ನಾ ಹೊತ್ತು ಮಾಡಿದ್ರ ಅದಕ್ಕ ತಕ್ಕ ಹೆಣಾನೂ ಆಗ್ತೀನಿ!”

ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಸುಮನಬಾಯಿ ನೆಲ ನೋಡುತ್ತ ಹೇಳಿದಳು, “ಬಿಡ್ರಿ ಕಾಕು.” ಎರಡು ವರ್ಷದಲ್ಲಿ ಅವಳು ಚಂದ್ರಭಾಗಾಳೊಡನೆ ಆಡಿದ ಮೊದಲ ಮಾತು.

ಗಟ್ಟಿಮುಟ್ಟಾದ ಆಳು ದಿಗಂಬರ ಆಗಲೇ ತುದಿ ಹಿಡಿದು ಜಾರುಗುಣಿಕೆ ಹಾಕಿದ್ದ. ಚಂದ್ರಭಾಗಾ ಕಸಿದುಕೊಂಡಳು.

“ಮನಶ್ಯಾನ ಎದಿ ಅದ ತಮ್ಮಾ ಇದು, ಕೊಡದ ಕುತ್ತಗಿ ಅಲ್ಲ. ಈ ಕುಣಿಕಿ ಭಾರ ಬಿದ್ದಂಗ ಬಿಗಿತದ. ಮ್ಯಾಲ ಬರೂದ್ರಾಗ ಪಕ್ಕೆಲಬು ಪುಡಿ ಆಗಿರತಾವ.”

ತುದಿಯನ್ನು ಎರಡು ಮಡಿಕೆ ಮಾಡಿದಳು. ಆ ಜೋಡಿ ಹಗ್ಗದಲ್ಲಿ ಒಂದು ಸಣ್ಣ ಕಣ್ಣು ಮಾಡಿ, ಮಡಿಕೆಯ ತುದಿಯನ್ನು ಕೆಳಗಿನಿಂದ ಆ ಕಣ್ಣಿಗೆ ತೂರಿಸಿ, ಉದ್ದ ಹಗ್ಗದ ಬೆನ್ನು ಬಳಸಿ, ಮತ್ತೆ ಅದೇ ಕಣ್ಣಿನೊಳಗೆ ಇಳಿಸಿದಳು. ಮೂರು ಕುಣಿಕೆಗಳು ನಿಂತವು. ಕಾಲಿನಿಂದ ಮೆಟ್ಟಿ ಎಳೆದಳು, ಒಂದೂ ಜಾರಲಿಲ್ಲ. ದಂಡೆಯ ಕಲ್ಲಿನ ಚೂಪಿಗೆ ಹಗ್ಗ ಉಜ್ಜದಂತೆ ತೊಯ್ದ ಗೋಣಿಚೀಲ ಹಾಸಿದಳು.

“ಎತ್ತು ಹೂಡಬ್ಯಾಡ್ರಿ, ಒಮ್ಮಿಗೇ ಜಗ್ಗತಾವ. ಎಂಟು ಮಂದಿ ಹಿಡೀರಿ. ನಾ ಅಂದಾಗ ಅಷ್ಟ ಎಳೀರಿ.” ಆಮೇಲೆ ಕುಣಿಕೆಗಳನ್ನು ಕೆಳಗಿಳಿಸಿ, ಬೋರಲು ಮಲಗಿ ಬಾವಿಯೊಳಗೆ ಕೂಗಿದಳು. “ಮಾಣಿಕಪ್ಪಾ, ಎರಡು ಕುಣಿಕ್ಯಾಗ ಒಂದೊಂದು ಕಾಲ ಹಾಕಿ ತೊಡಿತನಾ ತಗೋ. ಮೂರನೇದು ತಲಿ ಮ್ಯಾಲಿಂದ ಕಂಕಳ ಕೆಳಗ. ಎಡಗೈಲೆ ಹಗ್ಗ ಹಿಡಿ.”

“ಹಿಡದೀನ್ರಿ ಕಾಕು. ತೊಟ್ಟಲದಾಗ ಕೂತಂಗ ಆಗ್ಯಾದ.”

“ಹಂಗಾದ್ರ ಅಳಬ್ಯಾಡ ಮತ್ತ. ಎಳೀರಿ!”

ಹಗ್ಗ ಗೋಣಿಯ ಮೇಲೆ ಕಿರುಗುಟ್ಟುತ್ತ ಬಂತು. ಅವಳು ಅದರ ಮೇಲೆ ಅಂಗೈ ಇಟ್ಟುಕೊಂಡೇ ಇದ್ದಳು; ಎಳೆ ಹರಿದರೆ ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಒಂದೂ ಹರಿಯಲಿಲ್ಲ. ಮಾಣಿಕಪ್ಪನ ತಲೆ ಕಂಡಿತು, ಹೆಗಲು ಕಂಡಿತು. ಜನ ಅವನನ್ನು ಎತ್ತಿಕೊಂಡು ಮನೆಯ ಕಡೆ ನಡೆದರು, ಸುಮನಬಾಯಿ ಅಳುತ್ತ ಹಿಂದೆ ಓಡಿದಳು.

ಚಂದ್ರಭಾಗಾ ಗಂಟು ಬಿಚ್ಚಿ ಸುರುಳಿ ಸುತ್ತತೊಡಗಿದಾಗ ಗುರುಲಿಂಗಪ್ಪ ಕೈಚಾಚಿದ.

“ಜೀವ ಎತ್ತಿತು, ಮೈಲಿಗಿ ಹೋತು. ಇನ್ನ ಇದು ಊರಿನ ಹಗ್ಗ ವೈನಿ. ಚಾವಡಿದಾಗ ಇರಲಿ.”

“ತಿಂಗಳಿಗೊಮ್ಮಿ ಬಿಚ್ಚಿ ನೋಡಬೇಕ್ರಿ ಅದನ್ನ. ಒಣಗಸಬೇಕ್ರಿ.”

“ತಳವಾರ ನೋಡ್ತಾನ ಬಿಡ್ರಿ. ನಿಮಗ್ಯಾಕ ತ್ರಾಸ?”

ಅವನು ಮರ್ಯಾದೆಯಿಂದಲೇ ಹೇಳಿದ್ದ. ಅದಕ್ಕೇ ಅವಳು ಸುರುಳಿಯನ್ನು ಅವನ ಕೈಗೆ ಕೊಟ್ಟಳು. ಹಗ್ಗಕ್ಕೆ ವಿಭೂತಿ ಹಚ್ಚಿ ಒಯ್ದರು.

ಇನ್ನಾದರೂ ಯಾರಾದರೂ ಬಂದಾರೆಂದು ಅವಳು ಬಾಗಿಲು ತೆರೆದಿಟ್ಟು ಕೂತಳು. ಒಂದು ದಿನ, ಎರಡು ದಿನ, ಎಂಟು ದಿನ. ಮೈಲಿಗೆ ಹೋಗಿತ್ತು, ಆದರೆ ಆ ಹೊತ್ತಿಗೆ ಜನರಿಗೆ ಈ ಮನೆಗೆ ಬರುವ ರೂಢಿಯೂ ತಪ್ಪಿಹೋಗಿತ್ತು.

ಒಂಬತ್ತನೆಯ ದಿನ ಅಟ್ಟದ ಮೇಲಿನ ಸೆಣಬಿನ ನಾರು ಇಳಿಸಿ ಹೊಸೆಯಲು ಕೂತಳು. ಹಗ್ಗ ಹೊಸೆಯುವುದು ಇಬ್ಬರ ಕೆಲಸ. ಒಬ್ಬರು ಈ ತುದಿಯಲ್ಲಿ ಕೋಲು ತಿರುವಬೇಕು, ಇನ್ನೊಬ್ಬರು ಆ ತುದಿ ಹಿಡಿಯಬೇಕು. ಹುರಿ ಏರಿದಂತೆ ಎಳೆ ಗಿಡ್ಡವಾಗುತ್ತದೆ, ಆ ತುದಿಯವರು ಹೆಜ್ಜೆಹೆಜ್ಜೆಯಾಗಿ ಈಚೆಗೆ ಬರಬೇಕು. ಅವಳು ಆ ತುದಿಯನ್ನು ಅಂಗಳದ ಬೇವಿನ ಗಿಡಕ್ಕೆ ಕಟ್ಟಿದ್ದಳು. ಗಿಡ ನಡೆದು ಬರುವುದಿಲ್ಲ. ನಾಲ್ಕು ಸಲ ತಿರುವುವುದು, ಎದ್ದು ಹೋಗಿ ಅಲ್ಲಿನ ಗಂಟು ಸಡಿಲಿಸುವುದು, ಮತ್ತೆ ಬಂದು ಕೂರುವುದು.

ಮೋಟುಗೋಡೆಯಾಚೆ ಸುಮನಬಾಯಿ ನಿಂತಿದ್ದಳು. “ಗಿಡದ ಜೋಡಿ ಹೊಸೀಲತ್ತೀರೇನ್ರಿ ಕಾಕು?”

“ಅದು ಒಲ್ಲೆ ಅನ್ನೂದಿಲ್ಲ.”

ಸುಮನಬಾಯಿ ಗೋಡೆ ಸುತ್ತಿ ಒಳಗೆ ಬಂದು, ಗಿಡದಿಂದ ತುದಿ ಬಿಚ್ಚಿ ಹಿಡಿದಳು. ಚಂದ್ರಭಾಗಾ ತಿರುವಿದಳು. ಸುಮನಬಾಯಿ ಒಂದು ಹೆಜ್ಜೆ ಬಂದಳು, ಇನ್ನೊಂದು ಹೆಜ್ಜೆ ಬಂದಳು. ಮುಂಗೈಗೆ ಅಂಟಿದ ಜೋಳದ ಹಿಟ್ಟು ಕಾಣುವಷ್ಟು ಹತ್ತಿರವಾದಳು. ಎರಡು ವರ್ಷದ ಮಾತನ್ನು ಇಬ್ಬರೂ ಎತ್ತಲಿಲ್ಲ. ಒಂದು ಎಳೆ ಮುಗಿಯಿತು.

“ಸುಮನೀ, ನೀರು ಕೊಡಬಾ!” ಆಚೆಯಿಂದ ಮಾಣಿಕಪ್ಪ ಕೂಗಿದ.

ತುದಿಯನ್ನು ಚಂದ್ರಭಾಗಾಳ ಕೈಗಿಟ್ಟು, “ಬರತೀನ್ರಿ ಕಾಕು” ಎಂದು ಅವಳು ಹೋದಳು. ಯಾವಾಗ ಎಂದು ಹೇಳಲಿಲ್ಲ.

ಹಗ್ಗಕ್ಕೆ ಮೂರು ಎಳೆ ಬೇಕು. ಚಂದ್ರಭಾಗಾ, ಗಿಡದ ನೆರಳು ಗೋಡೆಯ ಬುಡಕ್ಕೆ ಸರಿಯುವ ತನಕ ಕಾದಳು. ಆಮೇಲೆ ಎದ್ದು, ಎರಡನೆಯ ಎಳೆಯ ತುದಿಯನ್ನು ಬೇವಿನ ಗಿಡಕ್ಕೆ ಕಟ್ಟಿದಳು.