ತಣ್ಣನೆ ಕೋಣೆಯ ದೂತ

ಒಂದೂರಿನಲ್ಲಿ ಒಂದು ತಣ್ಣನೆಯ ಕೋಣೆ ಇತ್ತಂತೆ. ಅದರ ಹೊಟ್ಟೆ ತುಂಬ ಔಷಧಿ. ಚಳಿ ಕಡಿಮೆಯಾದರೆ ಕೋಣೆ ಕೂಗಿಕೊಳ್ಳುತ್ತಿತ್ತು. ಆ ಕೂಗನ್ನು ಹೊತ್ತು ಮಹಡಿಯ ಮೇಲಿನ ಕಾವಲು ಕೋಣೆಯ ಸರ್ವರ್‌ಗೆ ಮುಟ್ಟಿಸಲು ಒಬ್ಬ ದೂತನಿದ್ದ. ಅವನಿಗೆ ಕೈಕಾಲಿರಲಿಲ್ಲ, ಅವನೊಂದು ಪುಟ್ಟ ಪ್ರೋಗ್ರಾಮ್, ಹೆಸರು ಅಲರ್ಟ್ ಅಡಾಪ್ಟರ್. ಅವನನ್ನು ಸಾಕುವ ಕೆಲಸ ಪುಟ್ಟಿಯದು.

ಪುಟ್ಟಿ ಎಂಬ ಹೆಸರಿಟ್ಟವನು ಭಾವ, ಅಕ್ಕನ ಗಂಡ, ಕಾವಲು ಕೋಣೆಯ ಮುಖ್ಯಸ್ಥ. ಅವಳನ್ನು ಕೆಲಸಕ್ಕೆ ಸೇರಿಸಿದವನೂ ಅವನೇ, ಕಲಿಸಿದವನೂ ಅವನೇ. ಅವನ ಮಾತೆಂದರೆ ಅವಳಿಗೆ ವೇದವಾಕ್ಯ.

ಕಳೆದ ತಿಂಗಳು ಕೋಣೆ ಕೆಟ್ಟು ಔಷಧಿ ಹಾಳಾದಾಗ ಮೇಲಿನ ಪರದೆಯಲ್ಲಿ ಒಂದು ಕೆಂಪು ಚುಕ್ಕೆಯೂ ಮೂಡಿರಲಿಲ್ಲ. ಉಗ್ರಾಣ ನೋಡಿಕೊಳ್ಳುವ ಸ್ಟೋರಮ್ಮನ ತಲೆಗೆ ತಪ್ಪು ಬಂತು. ಇನ್ನೊಮ್ಮೆ ಹೀಗಾದರೆ ಮನೆಗೆ ಹೋಗಬೇಕೆಂದು ಸಾಹೇಬರು ಕಡ್ಡಿ ಮುರಿದಂತೆ ಹೇಳಿದರು. ಇವತ್ತು ಸಂಜೆ ಹೊಸ ಔಷಧಿಯ ಲಾರಿ. ಅಷ್ಟರೊಳಗೆ ಕೂಗು ಮೇಲೆ ಮುಟ್ಟುವಂತೆ ಮಾಡುತ್ತೇನೆಂದು ಪುಟ್ಟಿ ಸ್ಟೋರಮ್ಮನಿಗೆ ಮಾತು ಕೊಟ್ಟಿದ್ದಳು.

ಬೆಳಗಿನಿಂದ ವಿಳಾಸ ತಿದ್ದಿದಳು, ಪೋರ್ಟ್ ತಿದ್ದಿದಳು, ಪಾಸ್‌ವರ್ಡ್ ಹೊಸದಾಗಿ ಹಾಕಿದಳು. ಸುಳ್ಳು ಕೂಗು ಕಳಿಸಿ ನೋಡಿದರೆ ಮೇಲೆ ತುಟಿಪಿಟಕ್ಕಿಲ್ಲ. ಪ್ರತಿ ಸಲವೂ ಭಾವ ಕಾಫಿ ಲೋಟ ಹಿಡಿದು ಬಂದು, ನಿನ್ನ ಕಡೆಯೇ ಏನೋ ಎಡವಟ್ಟು, ಮೊದಲಿನಿಂದ ಮಾಡು ಎಂದು ಹೋಗುತ್ತಿದ್ದ. ಅವಳು ಮೊದಲಿನಿಂದ ಮಾಡುತ್ತಿದ್ದಳು. ಮಧ್ಯಾಹ್ನ ಅವಳಿಗೆ ಹೊಳೆಯಿತು: ದೂತ ಸರ್ವರಿನ ಬಾಗಿಲಿನವರೆಗೂ ಹೋಗಿದ್ದಾನೆ, ಕೂಗು ತಲುಪಿದ ಗುರುತೂ ಇದೆ. ಹಾಗಾದರೆ ಒಳಗಿನಿಂದ ಅಗುಳಿ ಹಾಕಿದವರು ಯಾರು?

ಭಾವ ಊಟಕ್ಕೆ ಹೋಗಿದ್ದ. ಸರ್ವರಿನ ಕಡೆಯ ನಿಯಮಗಳನ್ನು ನೋಡುವ, ತಿದ್ದುವ ಹಕ್ಕು ಅವಳಿಗೂ ಇತ್ತು. ಅವನಿದ್ದಾನಲ್ಲ ಎಂದು ಯಾವತ್ತೂ ನೋಡಿರಲಿಲ್ಲ. ಈಗ ನೋಡಿದಳು. ತಣ್ಣನೆ ಕೋಣೆಯಿಂದ ಬಂದದ್ದನ್ನೆಲ್ಲ ಬಿಸಾಡು ಎಂದು ಒಂದು ನಿಯಮವಿತ್ತು. ಬರೆದವನು ಭಾವ, ಔಷಧಿ ಹಾಳಾಗುವುದಕ್ಕೆ ಮುಂಚೆಯೇ.

ಸ್ಟೋರಮ್ಮ ತಣ್ಣನೆ ಕೋಣೆಯ ಬಾಗಿಲು ತೆಗೆದಾಗಲೆಲ್ಲ ಕೆಂಪು ಚುಕ್ಕೆ ಮೂಡುತ್ತಿತ್ತು. ಚುಕ್ಕೆ ಹೆಚ್ಚಿದಷ್ಟೂ ಕಾವಲಿನವರಿಗೆ ಕೆಟ್ಟ ಹೆಸರು. ಅಲ್ಲಿನ ಪದ್ಧತಿಯೇ ಹಾಗೆ. ಬಾಗಿಲಿನ ಗಲಾಟೆ ನಿಲ್ಲಿಸಲು ಹೋಗಿ ಭಾವ ಇಡೀ ಕೋಣೆಯ ಬಾಯನ್ನೇ ಹೊಲಿದಿದ್ದ. ಅಂಥ ತಪ್ಪು ಯಾರಾದರೂ ಮಾಡಿಯಾರು. ಆದರೆ ಎಲ್ಲ ಗೊತ್ತಿದ್ದೂ ಬೆಳಗಿನಿಂದ ಅವಳ ಕೈಯಲ್ಲಿ ನೀರು ಕಡೆಸಿದ್ದ.

ಅವನು ಬಂದಾಗ ಪುಟ್ಟಿ ಪರದೆಯನ್ನು ಅವನತ್ತ ತಿರುಗಿಸಿದಳು.

“ಮನೆ ಮಾತು ಮನೇಲೇ ಇರ್ಲಿ ಪುಟ್ಟಿ,” ಎಂದ ಅವನು. “ನಿಮ್ಮಕ್ಕನ್ನ ನೆನೆಸ್ಕೋ.”

“ಸ್ಟೋರಮ್ಮಂಗೂ ಮನೆ ಇದೆ ಭಾವ. ಸಾಹೇಬ್ರಿಗೆ ನೀವು ಹೇಳ್ತೀರೋ, ನಾನೇ ಹೇಳ್ಲೋ?”

“ನೀನು ಹೊಸಬಳು. ತಪ್ಪು ನಿಂದು ಅಂದ್ರೆ ನಾಲ್ಕು ದಿನ ಬೈದು ಮರೀತಾರೆ. ನಂದು ಅಂದ್ರೆ ನನ್ ಕತೆ ಮುಗೀತು.”

ಕೆಲಸ ಕೊಡಿಸಿದ್ದು ಇದಕ್ಕೇ ಇರಬಹುದೇ ಎಂದೂ ಒಂದು ಗಳಿಗೆ ಅನಿಸಿತು ಅವಳಿಗೆ. ಆ ನಿಯಮವನ್ನು ಇದ್ದ ಹಾಗೆಯೇ ಸಾಹೇಬರಿಗೆ ಕಳಿಸಿದಳು, ಆಮೇಲೆ ಅಳಿಸಿದಳು. ಬಾಗಿಲು ಬಹಳ ಹೊತ್ತು ತೆರೆದೇ ಇದ್ದರೆ ಮಾತ್ರ ಕೂಗು, ಚಳಿಯ ಸುದ್ದಿಗೆ ಯಾವ ತಡೆಯೂ ಬೇಡ ಎಂದು ಹೊಸದು ಬರೆದಳು. ಭಾವ ಕಿಟಕಿಯತ್ತ ಮುಖ ಮಾಡಿ ನಿಂತಿದ್ದ. ಕೆಳಗೆ ಲಾರಿಯ ಹಾರ್ನ್ ಕೇಳಿಸಿತು.

ಫೋನಿನಲ್ಲಿ ಸ್ಟೋರಮ್ಮ, ಚಳಿ ಅಳೆಯುವ ಸೆನ್ಸರನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದು ಕೂತಿದ್ದೇನೆ ತಾಯಿ, ನಿನ್ನ ದೂತ ನಡೆದು ಬರುತ್ತಿದ್ದಾನೋ ತೆವಳಿಕೊಂಡೋ ಎಂದು ಕೇಳುತ್ತಿದ್ದಳು.

ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಮೂಡಿತು. ಕಾವಲು ಕೋಣೆಯ ತುಂಬ ಗಂಟೆ ಮೊಳಗಿತು.

“ಬಂತು, ಸ್ಟೋರಮ್ಮ,” ಎಂದಳು ಪುಟ್ಟಿ.