ಅಪ್ಪನ ರೇಡಿಯೊ ಮೇಲಿನ ಗುರುತು

ಓಣಿಯ ಮಕ್ಕಳ ಬಾಯಲ್ಲಿ ಅವನು ರೇಡಿಯೊ ಮಾಮ. ಸಂಜೆ ತನ್ನ ಕನ್ನಡಕದಂಗಡಿಗೆ ಬೀಗ ಹಾಕಿದನೆಂದರೆ ಗುಜರಿ ಅಂಗಡಿಗಳನ್ನು ಜಾಲಾಡುವುದೇ ಕೆಲಸ. ಮುಂದಿನ ಕೋಣೆಯ ತುಂಬ ಹಳೆಯ ರೇಡಿಯೊಗಳು. ಹೆಂಡತಿಗೆ ಬಟ್ಟೆ ಮಡಚಿಡಲೂ ಜಾಗವಿಲ್ಲ. "ನನಗೂ ಒಂದು ತಿರುಗಿಸೋ ಗುಂಡಿ ಇದ್ದಿದ್ರೆ ನನ್ನ ಮಾತೂ ಕೇಳ್ತಿದ್ರೇನೋ" ಎಂದು ಅವಳು ಮೂಗು ಮುರಿಯುತ್ತಾಳೆ. ಇಷ್ಟೆಲ್ಲ ಕೂಡಿಹಾಕಿದ್ದು ಒಂದೇ ಒಂದರ ಆಸೆಗೆ: ಅವನು ಚಿಕ್ಕವನಿದ್ದಾಗ ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಯಾರ ಪಾಲೋ ಆಗಿಹೋದ ಅಪ್ಪನ ರೇಡಿಯೊ.

ಅಂಥದ್ದೇ ಒಂದು ಕೊನೆಗೂ ಸಿಕ್ಕಿತು. ಅದೇ ಕಂಪನಿ, ಅದೇ ದಂತದ ಬಣ್ಣದ ಗುಂಡಿಗಳು. ಆದರೆ ಆ ಕಾಲದಲ್ಲಿ ಅಂಥವು ಎಷ್ಟೋ ಮನೆಗಳಲ್ಲಿದ್ದವು. ಅಪ್ಪ ಅಮ್ಮ ಈಗಿಲ್ಲ. ನಮ್ಮದೇ ಹೌದೋ ಅಲ್ಲವೋ ಹೇಳಬಲ್ಲವಳು ಅಕ್ಕ ಒಬ್ಬಳೇ. ಬಡಗಿಯ ಕೈಲಿ ಉಜ್ಜಿಸಿ, ಪಾಲಿಶ್ ಹೊಡೆಸಿ, ಮದುಮಗನ ಹಾಗೆ ಸಿಂಗರಿಸಿ ಅಕ್ಕನನ್ನು ಕರೆಸಿದ.

ಅಕ್ಕ ಬಂದವಳು ಕೂರಲೂ ಇಲ್ಲ. ರೇಡಿಯೊದ ಮೇಲೆ ಅಂಗೈ ಆಡಿಸಿದಳು.

"ಇದು ನಮ್ಮದಲ್ಲ ಕಣೋ."

"ಹೇಗೆ ಹೇಳ್ತೀಯ?"

"ನಮ್ಮದರ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತಿತ್ತು. ನಾನೇ ಸುಟ್ಟಿದ್ದು. ಅಪ್ಪ ಬೈತಾರೆ ಅಂತ ಕಸೂತಿ ಬಟ್ಟೆ ಹೊದಿಸಿ ಮುಚ್ಚಿಟ್ಟೆ. ಕೊನೇವರೆಗೂ ಯಾರಿಗೂ ಗೊತ್ತಾಗ್ಲಿಲ್ಲ."

ಅವನಿಗೆ ಬಡಗಿಯ ಮಾತು ನೆನಪಾಯಿತು. "ಮೇಲ್ಗಡೆ ಇಸ್ತ್ರಿ ಆಕಾರದ ಕಪ್ಪು ಕಲೆ ಇದೆ, ಬಿಡ್ಲಾ, ತೆಗೀಲಾ?" ಎಂದು ಬಡಗಿ ಕೇಳಿದ್ದ. ಇದೂ ಒಂದು ಕೇಳುವ ಮಾತೇ ಎಂಬಂತೆ, "ಚೂರೂ ಉಳೀಬಾರದು" ಎಂದಿದ್ದ ಇವನು. ಊರವರಿಗೆಲ್ಲ ಕಣ್ಣು ಸರಿಮಾಡಿಕೊಡುವ ಮಹಾಶಯ.

ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಅಪ್ಪನ ರೇಡಿಯೊ ಅಪ್ಪನ ಮಕ್ಕಳೆದುರೇ ಪರರ ಮನೆಯದೆನಿಸಿಕೊಳ್ಳುವುದನ್ನು ಅವನಿಂದ ಸಹಿಸಲಾಗಲಿಲ್ಲ. ನಡೆದದ್ದನ್ನು ಹೇಳಿಬಿಟ್ಟ.

"ಯಾವ ಕಡೆ ಇತ್ತು ಆ ಕಲೆ?" ಎಂದಳು ಅಕ್ಕ.

"ಎಡಗಡೆ, ಹಿಂದಿನ ಮೂಲೇಲಿ."

ಅವಳ ಕಣ್ಣು ತುಂಬಿಬಂತು. ಸೆರಗಿನಲ್ಲಿ ಒರೆಸಿಕೊಂಡು ಅವನ ಹೆಂಡತಿಯತ್ತ ತಿರುಗಿದಳು. "ಇಸ್ತ್ರಿಪೆಟ್ಟಿಗೆ ಕಾಯಿಸಮ್ಮ."

ತನ್ನ ರೇಡಿಯೊಗಳಿಗೆ ಯಾರ ಉಗುರೂ ತಾಕಗೊಡದವನು ಅಡ್ಡ ಬರಲಿಲ್ಲ. "ಇನ್ನೂ ಸ್ವಲ್ಪ ಹಿಂದಕ್ಕೆ ಅಕ್ಕ" ಎಂದು ತಾನೇ ಜಾಗ ತೋರಿಸಿದ. ಪಾಲಿಶ್ ಚುರುಗುಟ್ಟಿತು, ಕೋಣೆಯ ತುಂಬ ಸುಟ್ಟ ವಾಸನೆ.

ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿ ಕಲೆಯನ್ನು ನೋಡಿದಳು.

"ಬೇಗ ಒಂದು ಬಟ್ಟೆ ತಗೊಂಡು ಬಾರೋ, ಮುಚ್ಚೋಣ" ಎಂದಳು. "ಅಪ್ಪ ನೋಡಿದ್ರೆ ಬೈತಾರೆ."