ಬಿಳಿ ದ್ರಾಕ್ಷಿ ಕೊಯ್ಯುವ ಹೊತ್ತು

ಗಳಗನಾಥದ ಹತ್ತಿರದ ನಮ್ಮೂರಿನಲ್ಲಿ ವೈನಿಗೆಂದು ಎಲ್ಲರೂ ಬೆಳೆಯುವುದು ಕೆಂಪು ದ್ರಾಕ್ಷಿ. ಗೊನೆ ಪೂರ್ತಿ ಕಪ್ಪಾಗಿ, ಬಾಯಿಗಿಟ್ಟರೆ ಬೆಲ್ಲದಂತಾಗುವವರೆಗೆ ಬಳ್ಳಿಯಲ್ಲೇ ಬಿಡುವುದು ರೂಢಿ. ಹೋದ ವರ್ಷ ಹಾಲೇಶಪ್ಪನವರ ತೋಟದಲ್ಲಿ ಮೊದಲ ಸಲ ಬಿಳಿ ದ್ರಾಕ್ಷಿ ಫಲ ಬಿಟ್ಟಿತು. ಸಾವಿನ್ಯೋ ಬ್ಲಾಂ ಎಂಬ ವಿದೇಶಿ ತಳಿ.

ಬೆಳೆಗಾರರ ಸಂಘದ ಫರ್ಹಾನಾ ಬಂದು, ಹಣ್ಣಿನ ರಸವನ್ನು ಸಿಹಿ ಅಳೆಯುವ ಮೀಟರಿಗೆ ಹಾಕಿ ನೋಡಿದಳು.

"ಕಾಕಾ, ನಾಳೇನ ಕೊಯ್ರಿ. ಬಿಳಿ ವೈನಿಗೆ ಹುಳೀನೂ ಬೇಕು. ಬಿಸಲಿಗೆ ಅದು ಲಗೂ ಹೋಗಿಬಿಡತೈತಿ."

ಎಲೆ ತೆಗೆಯಲು ಬಂದಿದ್ದ ಹೆಂಗಸರ ಮುಂದೆ ಹಾಲೇಶಪ್ಪ ನಕ್ಕರು. "ಹುಳಿ ಹಣ್ಣು ಕಳಸಾಕ ನಾನೇನು ಹುಣಸಿ ವ್ಯಾಪಾರ ಮಾಡಾಕತ್ತೇನೇನು? ನಿಮ್ಮ ಮನ್ಯಾಗ ಯಾರರ ಬಳ್ಳಿ ಮುಟ್ಟ್ಯಾರೇನವಾ?"

ಹೆಂಗಸರೂ ನಕ್ಕರು. ಫರ್ಹಾನಾ ಮೀಟರನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಮುಂದಿನ ವಾರ ಗೊನೆಗಳು ಜೇನಿನಷ್ಟು ಸಿಹಿಯಾದವು. ಹಾಲೇಶಪ್ಪ ಹೆಮ್ಮೆಯಿಂದ ಕೊಯ್ಸಿ, ವೈನ್ ತಯಾರಿಸುವ ವೈನರಿಗೆ ಕಳಿಸಿದರು. ಹುಳಿ ಉಳಿದಿಲ್ಲವೆಂದು ಅಲ್ಲಿಯವರು ಹಣ್ಣನ್ನು ತಿರುಗಿ ಕಳಿಸಿದರು. ತುಂಬಿದ ಗಾಡಿ ಹಾಡಹಗಲೇ ಊರೊಳಗಿಂದ ವಾಪಸು ಬಂತು.

ಮರುದಿನ ಫರ್ಹಾನಾ ತೋಟಕ್ಕೆ ಬರುವುದನ್ನು ಕಂಡು ಹಾಲೇಶಪ್ಪ ಪಂಪಿನ ಕೋಣೆ ಹೊಕ್ಕರು. ಹೆಂಡತಿ ಗದಿಗೆವ್ವ ಬಾಗಿಲಿಗೆ ಬಂದರು.

"ಹೊರಗ ಬರ್ರಿ. ಬೇವಿನ ಗಿಡದ ನೆಳ್ಳಾಗಿನ ಸಾಲು ಇನ್ನೂ ಕೊಯ್ದಿಲ್ಲ."

"ಯಾವ ಮಾರಿ ಇಟಗೊಂಡು ಕೇಳ್ಲಿ?"

"ಇದ್ದ ಮಾರೀನ ಇಟಗೊಂಡು ಕೇಳ್ರಿ. ತಡಾ ಮಾಡಿದ್ರ ಅವೂ ಹೋಗ್ತಾವ."

ಫರ್ಹಾನಾ ಕೋಣೆಯತ್ತ ನೋಡಲಿಲ್ಲ. ಬಳ್ಳಿಗಳ ಕಡೆ ಮುಖಮಾಡಿ, ಗದಿಗೆವ್ವ ಕೊಟ್ಟ ನೀರನ್ನು ನಿಧಾನವಾಗಿ ಕುಡಿದಳು. ಅಷ್ಟರಲ್ಲಿ ಹಾಲೇಶಪ್ಪ ಹೊರಬಂದರು. ತಲೆ ಎತ್ತಲಿಲ್ಲ.

"ಅವತ್ತ ನಾಕು ಮಂದಿ ಮುಂದ ನಾ ಹಂಗ ಅನಬಾರದಿತ್ತವಾ."

"ನೆಳ್ಳಾಗಿನ ಸಾಲು ತಡಾ ಹಣ್ಣಾಗ್ಯಾವ ಕಾಕಾ," ಎಂದು ಅವಳು ಮೀಟರನ್ನು ಅವರ ಕೈಗೇ ಕೊಟ್ಟಳು. "ನೀವ ನೋಡ್ರಿ. ತಿಂದೂ ನೋಡ್ರಿ. ಬೀಜ ಕಂದು ಆಗಿರಬೇಕು, ನಾಲಿಗಿಗೆ ಒಂದೀಟು ಹುಳಿ ಹತ್ತಬೇಕು."

ಹತ್ತಿತು. ಮರುದಿನ ನಸುಕಿನ ತಂಪಿನಲ್ಲೇ ಕೊಯ್ಲಾಯಿತು. ಕೊಯ್ಯಲು ಬಂದವರು ಅದೇ ಹೆಂಗಸರು. ಹಾಲೇಶಪ್ಪ ಫರ್ಹಾನಾಳ ಪಕ್ಕದಲ್ಲಿ, ಅವರೆದುರು ನಿಂತರು.

"ಈ ಹುಡುಗಿ ಹೇಳಿದ್ದು ಖರೇ ಇತ್ತು. ನಕ್ಕಾಂವಾ ನಾನ, ತಪ್ಪಿದಾಂವಾನೂ ನಾನ."

ಯಾರೂ ನಗಲಿಲ್ಲ. ಆ ಒಂದು ಸಾಲಿನ ಹಣ್ಣು ವೈನರಿಯಿಂದ ತಿರುಗಿ ಬರಲಿಲ್ಲ.

ಬೆಳೆಗಾರ ಬಂಧುಗಳೇ, ಬಿಳಿ ದ್ರಾಕ್ಷಿಯನ್ನು ಕೆಂಪು ದ್ರಾಕ್ಷಿಯಂತೆ ಕಾಯಬೇಡಿ. ರಸ ಅಳೆಸಿ, ತಿಂದು ನೋಡಿ, ತಂಪು ಹೊತ್ತಿನಲ್ಲಿ ಕೊಯ್ಯಿರಿ. ತಿಳಿದವರನ್ನು ಒಮ್ಮೆ ನೋಯಿಸಿದ್ದರೆ, ನಾಚಿಕೆಯಾದರೂ ಹೋಗಿ ಕೇಳಿ. ನಿಮ್ಮ ನಾಚಿಕೆ ಆರುವವರೆಗೆ ಬಳ್ಳಿಯ ಮೇಲಿನ ಹಣ್ಣು ಕಾಯುವುದಿಲ್ಲ.